ಗುಡಾಣದೊಳಗಿನ ಮದುಮಗ

ಮೊದಲೇ ಹೇಳಿಬಿಡುತ್ತೇನೆ, ಆ ಕಲ್ಲಿಗೆ ತೂತು ಮಾಡಿದವನು ನಾನೇ. ಆಮೇಲೆ ಬೇರೆ ಯಾರೋ ಬಂದು ನಿಮ್ಮ ಕಿವಿ ಊದುವುದಕ್ಕಿಂತ ನನ್ನ ಬಾಯಿಂದಲೇ ಕೇಳುವುದು ಒಳ್ಳೆಯದು. ಆದರೆ ಆ ತೂತಿನೊಳಗೆ ನುಗ್ಗು ಎಂದು ಎಲ್ಬಿಯೊಗೆ ನಾನು ಹೇಳಿರಲಿಲ್ಲ. ಅದೂ ಮದುವೆಯ ದಿನ, ಮದುವೆಯ ಪ್ಯಾಂಟು ಹಾಕಿಕೊಂಡು.

ಎಲ್ಬಿಯೊ ನಮ್ಮ ಗಣಿಯಲ್ಲಿ ಬಂಡೆಗೆ ಡ್ರಿಲ್ ಹಿಡಿಯುವವನು. ನನ್ನ ತಂಗಿ ದೆಲ್ಮಿರಾಗೂ ಅವನಿಗೂ ನಿಶ್ಚಿತಾರ್ಥವಾಗಿ ಹತ್ತೊಂಬತ್ತು ವರ್ಷವಾಗಿತ್ತು. ಮೂರು ಸಲ ಮದುವೆಗೆ ದಿನ ಗೊತ್ತುಮಾಡಿ ಮೂರು ಸಲವೂ ಅವನು ಕೈಕೊಟ್ಟ. ಒಂದು ಸಲ ಹಳ್ಳಕ್ಕೆ ನೀರು ಬಂತು, ದಾಟಲಾಗಲಿಲ್ಲ ಎಂದ. ಇನ್ನೊಂದು ಸಲ ಆರ್ತಿಗಾಸ್ ಊರಿನ ಕಾರ್ನಿವಲ್ ಮೆರವಣಿಗೆಗೆ ಡೋಲು ಬಾರಿಸುವವರು ಸಿಗಲಿಲ್ಲ, ತಾನೇ ಹೋಗಬೇಕಾಯಿತು ಎಂದ. ಮೂರನೆಯ ಸಲ ಅವನ ಕುದುರೆ ಮರಿ ಹಾಕುತ್ತಿತ್ತಂತೆ. ಆ ಕುದುರೆ ಗಂಡು ಎಂದು ನಮಗೆ ಆಮೇಲೆ ಗೊತ್ತಾಯಿತು.

ಉಂಗುರದ ಕಥೆಯೂ ಅಷ್ಟೇ. "ಉಂಗುರಕ್ಕೆ ತಕ್ಕ ಕಲ್ಲು ಹುಡುಕ್ತಾ ಇದೀನಿ ದೆಲ್ಮಿ" ಎಂದು ಹತ್ತೊಂಬತ್ತು ವರ್ಷ ಹೇಳಿದ. ದಿನಾ ಬೆಳಗಾದರೆ ಅಮೆಥಿಸ್ಟ್ ಗಣಿಗೆ ಕೆಲಸಕ್ಕೆ ಹೋಗುವ ಮನುಷ್ಯನಿಗೆ ಒಂದು ನೇರಳೆ ಹರಳು ಸಿಗಲಿಲ್ಲವಂತೆ! ಭಾನುವಾರ ಭಾನುವಾರ ಮಾತ್ರ ತಪ್ಪದೆ ನಮ್ಮ ಮನೆಗೆ ಬರುತ್ತಿದ್ದ. ನನ್ನ ಕುರ್ಚಿಯಲ್ಲೇ ಕೂತು, ನನ್ನ ಸೋರೆಬುರುಡೆಯಲ್ಲೇ ಎಲೆ ಕಷಾಯ ಹೀರಿ, ಹೋಗುವಾಗ "ಬರ್ತೀನಿ ಭಾವ" ಅನ್ನುತ್ತಿದ್ದ.

"ಇನ್ನೂ ಭಾವ ಆಗಿಲ್ಲ ಕಣೋ" ಎಂದು ನಾನೂ ಹತ್ತೊಂಬತ್ತು ವರ್ಷ ಹೇಳಿದ್ದೇನೆ.

ದೆಲ್ಮಿರಾ ಇರುವುದು ನನ್ನ ಮನೆಯಲ್ಲಿ. ನಿಜ ಹೇಳಬೇಕೆಂದರೆ ನಾನೇ ಅವಳ ಮನೆಯಲ್ಲಿದ್ದೇನೆ. ರೇಡಿಯೊ ಎಷ್ಟು ಜೋರಾಗಿ ಹಾಕಬೇಕು, ಬೂಟು ಎಲ್ಲಿ ಬಿಡಬೇಕು, ಫುಟ್‌ಬಾಲ್ ಸೋತರೆ ಎಷ್ಟು ಹೊತ್ತು ಬಯ್ಯಬಹುದು, ಎಲ್ಲಕ್ಕೂ ಅವಳದೇ ಕಾನೂನು. ಗಣಿಯಲ್ಲಿ ಹರಳು ನೋಡಿ ದರ್ಜೆ ಹೇಳುವ ಕೆಲಸ ಅವಳದು. ಅವಳು ಎರಡನೆಯದು ಎಂದಮೇಲೆ ಧಣಿ ಮಂಡಿಯೂರಿದರೂ ಅದು ಒಂದನೆಯದಾಗುವುದಿಲ್ಲ. ಮೂರನೆಯದಾದರೆ ಕಿಲೋ ಲೆಕ್ಕದಲ್ಲಿ ಮೂಟೆಗೆ. "ದೀಪದ ಬೆಳಕಲ್ಲಿ ಎಲ್ಲಾ ಕಲ್ಲೂ ಚೆಂದಾನೇ. ಬಿಸಿಲಿಗೆ ತಂದು ಮಾತಾಡಿ" ಅನ್ನುತ್ತಾಳೆ. ಅವಳ ಬಾಯಿಂದ ಒಂದು ಸುಳ್ಳು ದರ್ಜೆ ಬಂದದ್ದನ್ನು ಈ ಸುತ್ತಿನಲ್ಲಿ ಯಾರೂ ಕೇಳಿಲ್ಲ. ನನ್ನ ಕ್ಷೌರಕ್ಕೂ ನಾನು ಮಾಡುವ ಸಾರಿಗೂ ಅವಳು ಮೂರನೇ ದರ್ಜೆಗಿಂತ ಹೆಚ್ಚು ಕೊಟ್ಟಿಲ್ಲ.

ಇಂಥವಳು ನಾಲ್ಕನೇ ಸಲ ದಿನ ಗೊತ್ತಾದಾಗ ನನ್ನನ್ನು ಅಡುಗೆಮನೆಗೆ ಕರೆದು ಹೇಳಿದಳು: "ನೋಡಣ್ಣ, ಈ ಸಲವೂ ಅವನು ಕೈಕೊಟ್ರೆ ಮುಗೀತು. ಇನ್ನು ಮದುವೆ ಅನ್ನೋ ಮಾತೇ ಬೇಡ. ಸಾಯೋವರೆಗೂ ಇಲ್ಲೇ, ನಿನ್ನ ಜೊತೆಗೇ ಇರ್ತೀನಿ."

ಆ ರಾತ್ರಿ ನನಗೆ ಊಟ ಸೇರಲಿಲ್ಲ.

ಈಗ ಕಲ್ಲಿನ ವಿಷಯ. ನಮ್ಮ ಬಂಡೆಯೊಳಗೆ ಪೊಳ್ಳುಗಲ್ಲುಗಳಿರುತ್ತವೆ. ಹೊರಗೆ ಕರಿ ಸಿಪ್ಪೆ, ಅದರ ಕೆಳಗೆ ಬಿಳಿ ಬೆಣಚು, ಒಳಗೋಡೆಯ ತುಂಬಾ ನೇರಳೆ ಹರಳು. ದೊಡ್ಡದಕ್ಕೆ ನಾವು ಗುಡಾಣ ಅನ್ನುತ್ತೇವೆ. ಗುಡಾಣ ಸಿಕ್ಕರೆ ಹೆಬ್ಬೆರಳು ಗಾತ್ರದ ತೂತು ಕೊರೆದು, ತಂತಿಗೆ ಕಟ್ಟಿದ ಸಣ್ಣ ದೀಪ ಇಳಿಬಿಟ್ಟು, ಒಂದು ಕಣ್ಣು ಮುಚ್ಚಿ ನೋಡುವುದು ಪದ್ಧತಿ. ನಾನು ಓಡಿಸುವ ಅಗೆಯುವ ಯಂತ್ರಕ್ಕೆ ಮುದುಕಿ ಎಂದು ಹೆಸರು. ಮದುವೆಗೆ ಹತ್ತು ದಿನ ಮುಂಚೆ ಮುದುಕಿಯ ಬಕೆಟ್ಟಿನ ಹಲ್ಲು ಮಣ್ಣು ಎಂದುಕೊಂಡು ಒಂದು ಕಲ್ಲಿಗೆ ಹೊಕ್ಕಿತು. ಮಣ್ಣು ಉದುರಿದ ಮೇಲೆ ನೋಡಿದರೆ ನನ್ನ ಜನ್ಮದಲ್ಲೇ ಕಾಣದಂಥ ಗುಡಾಣ, ಎರಡೂವರೆ ಮೀಟರು ಉದ್ದ. ಅದರ ಒಂದು ತುದಿಗೆ ಎರಡು ಗೇಣು ಅಗಲದ ತೂತು.

ದೆಲ್ಮಿರಾ ಓಡಿಬಂದು ನನಗೆ ಬಾಯಿಗೆ ಬಂದಂತೆ ಬೈದಳು. "ಹೆಬ್ಬೆರಳಷ್ಟು ತೂತು ಮಾಡಪ್ಪಾ ಅಂದ್ರೆ ಹಂದಿ ನುಗ್ಗೋ ಅಷ್ಟು ಮಾಡಿದೀಯಲ್ಲ! ನಿನ್ನ ಕೈಗೆ ಕಲ್ಲು ಕೊಡೋದೂ ಒಂದೇ, ಮುದುಕಿ ಕಾಲಿಗೆ ಕೊಡೋದೂ ಒಂದೇ."

ಬೈದು ಮುಗಿಸಿ ದೀಪ ಒಳಗೆ ಬಿಟ್ಟು ನೋಡಿದಳು. ಬಹಳ ಹೊತ್ತು ನೋಡಿದಳು. "ಹಿಂದಿನ ಗೋಡೇಲಿ, ಎಡಕ್ಕೆ, ಒಂದು ಹರಳಿದೆ. ಬಿಸಿಲಲ್ಲೂ ಆ ಬಣ್ಣ ನಿಂತ್ರೆ, ಅಂಥದ್ದನ್ನ ನಾನು ಎರಡೇ ಸಲ ನೋಡಿರೋದು" ಎಂದಳು. ಅಲ್ಲೇ ಡ್ರಿಲ್ ಹಿಡಿದು ನಿಂತಿದ್ದ ಎಲ್ಬಿಯೊ ಏನೂ ಮಾತಾಡಲಿಲ್ಲ. ಅವನು ಮಾತಾಡದಿದ್ದಾಗ ನಾವು ಹುಷಾರಾಗಬೇಕಿತ್ತು.

ಫರಿಯಾಸ್ ಧಣಿಗಂತೂ ಆ ಗುಡಾಣದ ಮೇಲೆ ಪ್ರಾಣ. ಅಂಗಳದಲ್ಲಿ ಹಳೇ ಟೈರುಗಳ ಮೇಲೆ ಮಲಗಿಸಿ, ಮನೆಯಿಂದ ಉಣ್ಣೆಯ ಕಂಬಳಿ ತಂದು ಹೊದಿಸಿದ. ಬೆಳಗ್ಗೆ ಬಂದವನು ಮೊದಲು ಕಲ್ಲಿಗೆ ನಮಸ್ಕಾರ ಹೇಳಿ ಆಮೇಲೆ ನಮಗೆ ಹೇಳುತ್ತಿದ್ದ. ಸೋಮವಾರ ಜರ್ಮನಿಯಿಂದ ಕೊಳ್ಳುವವರು ಬರುವವರಿದ್ದರು.

ಮದುವೆ ಶನಿವಾರ, ನಾಲ್ಕು ಗಂಟೆಗೆ, ಗಣಿಯ ಅಂಗಳದಲ್ಲೇ. ಬೆಳಗಿನಿಂದ ಕೆಂಡದ ಮುಂದೆ ಎರಡು ಕುರಿ ಬೇಯುತ್ತಿದ್ದವು. ಮಧ್ಯಾಹ್ನದ ನಿದ್ದೆ ಮುಗಿಸಿ ಎದ್ದಾಗ ಜಡ್ಜಮ್ಮನ ಕಾರು ಬಂದಿತ್ತು. ನಮ್ಮ ಸೀಮೆಯಲ್ಲಿ ಮದುವೆ ಬರೆಯುವ ನ್ಯಾಯಾಧೀಶೆ ಪೆರ್ಲಾ ಎಂದರೆ ಬಹಳ ಖಡಕ್ಕು. ದಪ್ಪ ಪುಸ್ತಕವನ್ನು ಮೇಜಿನ ಮೇಲೆ ಧೊಪ್ಪನೆ ಹಾಕಿದಳು.

"ಈ ಎರಡು ಹೆಸರು ಮೂರು ಸಲ ಬರೆದು ಮೂರು ಸಲ ಹೊಡೆದು ಹಾಕಿದೀನಿ. ಮೇಲೆ ಮಳೆಯಾಗಿದೆ, ಹಳ್ಳ ಏರ್ತಾ ಇದೆ. ಐದು ಗಂಟೆಗೆ ನಾನು ಹೊರಟೆ ಅಂದ್ರೆ ಹೊರಟೆ. ಮತ್ತೆ ಈ ಪುಸ್ತಕ ಇವರಿಗೋಸ್ಕರ ತೆಗೆಯಲ್ಲ. ಎಲ್ಲಿ ಮದುಮಗ?"

ಮದುಮಗ ಇರಲಿಲ್ಲ. ಶೆಡ್ಡಿನಲ್ಲಿ, ಲಾರಿಯ ಕೆಳಗೆ, ಕಕ್ಕಸಿನಲ್ಲಿ ಹುಡುಕಿದೆವು. ಕುದುರೆಯನ್ನೂ ನೋಡಿಬಂದೆವು; ಅದು ಗಂಡಾಗಿಯೇ ನಿಂತಿತ್ತು. ನಾಲ್ಕೂಕಾಲಾಯಿತು. ಬಿಳಿ ಗೌನಿನಲ್ಲಿ ಮದುಮಗಳು ಶೆಡ್ಡಿನ ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದಳು. ಅವಳ ಮುಖ ನೋಡುವ ಧೈರ್ಯ ನನಗಾಗಲಿಲ್ಲ. ಸಾಯುವವರೆಗೂ ಇಲ್ಲೇ, ನಿನ್ನ ಜೊತೆಗೇ, ಎಂಬ ಮಾತು ಕಿವಿಯಲ್ಲಿ ಗುಂಯ್ ಅನ್ನುತ್ತಿತ್ತು. ತಲೆ ತಪ್ಪಿಸಿಕೊಂಡು ಅಂಗಳದ ಮೂಲೆಗೆ ಹೋದೆ.

ಆಗ ಗುಡಾಣ ಮಾತಾಡಿತು.

"ಭಾವಾ."

ಕಂಬಳಿ ಎತ್ತಿದೆ. ತೂತಿನೊಳಗೆ ಎರಡು ಬೂಟು, ಅಂಗಾಲು ನನ್ನ ಕಡೆಗೆ.

"ಲೋ ಎಲ್ಬಿಯೊ! ಅಲ್ಲೇನೋ ಮಾಡ್ತಿದೀಯಾ?"

"ಸಿಕ್ಕಾಕೊಂಡಿದೀನಿ ಭಾವ."

"ಭಾವ ಅನ್ಬೇಡ! ಯಾವಾಗ ಹೋದೆ?"

"ಎಲ್ಲಾರೂ ಮಲಗಿದ್ರಲ್ಲ, ಆವಾಗ. ಹೋಗೋವಾಗ ಬೆಣ್ಣೇಲಿ ಜಾರಿದಂಗೆ ಜಾರ್ದೆ. ಈಗ ಬರೋಕಾಗ್ತಿಲ್ಲ."

"ಹೋದ ದಾರೀಲಿ ಬರೋಕೇನೋ ಕಷ್ಟ? ಹೊಟ್ಟೆ ಒಳಗೇ ಬೆಳೀತಾ?"

ಮಾತಿನಿಂದ ಆಗುವ ಕೆಲಸವಲ್ಲ ಎಂದು ಪ್ಯಾಂಟಿನ ಎರಡೂ ತುದಿ ಹಿಡಿದು, ಕಾಲನ್ನು ಟೈರಿಗೆ ಕೊಟ್ಟು ಎಳೆದೆ. ಬೂಟು ಕಳಚಿತು. ಪ್ಯಾಂಟು ಬಂತು. ಎಲ್ಬಿಯೊ ಬರಲಿಲ್ಲ. ನಾನು ಪ್ಯಾಂಟಿನ ಸಮೇತ ಅಂಗಾತ ಬಿದ್ದೆ. ಸದ್ದಿಗೆ ಎಲ್ಲರೂ ಬಂದು ಸುತ್ತಲೂ ನಿಂತರು. ಮುಂದುಗಡೆಯೇ ದೆಲ್ಮಿರಾ.

ಅಲ್ಲಿದ್ದ ಒಬ್ಬರೂ ನಂಬಲಿಲ್ಲ. ಒಳಗೆ ಹೋದ ಮನುಷ್ಯ ಅದೇ ತೂತಿನಲ್ಲಿ ಹೊರಗೆ ಬರಲೇಬೇಕು, ಇದು ಯಾರಿಗಾದರೂ ತಿಳಿಯುವ ಲೆಕ್ಕ. ಮೊದಲು ಹಳ್ಳ, ಆಮೇಲೆ ಡೋಲು, ಆಮೇಲೆ ಕುದುರೆ, ಈಗ ಗುಡಾಣ. "ಬೆಲ್ಟು ಅವನೇ ಬಿಚ್ಚಿರಬೇಕು" ಎಂದು ಯಾರೋ ಅಂದರು. ನಾನೂ ಹೌದು ಹೌದು ಅಂದೆ. ನನಗಾದರೋ ಆ ಕಲ್ಲಿಗೆ ಬೆಂಕಿ ಹಚ್ಚುವಷ್ಟು ಸಿಟ್ಟು.

ದೆಲ್ಮಿರಾ ಶೆಡ್ಡಿಗೆ ಹೋಗಿ ತಂತಿ ದೀಪ ತಂದಳು. ತೂತಿನೊಳಗೆ ಬಿಟ್ಟಳು. ಒಂದು ಕಣ್ಣು ಮುಚ್ಚಿ ನೋಡಿದಳು. ಬಟ್ಟೆಯಿಲ್ಲದ ಎರಡು ಕಾಲು, ಮೇಲೆ ಅಂಗಿಯ ತುದಿ, ಅಷ್ಟೇ ಕಂಡಿರಬೇಕು.

"ಮೂರನೇ ದರ್ಜೆ" ಎಂದಳು. "ಕಿಲೋ ಲೆಕ್ಕದಲ್ಲಿ ಹೋಗುತ್ತೆ. ಅಣ್ಣ, ಸಿಮೆಂಟು ಕಲಸು."

"ಸಿಮೆಂಟ್ಯಾಕೆ?"

"ಸಾಗಿಸೋ ಮುಂಚೆ ಗುಡಾಣಕ್ಕೆ ಸಿಮೆಂಟು ಮೆತ್ತಲ್ವಾ? ಈ ಸಲ ಬಾಯಿಗೂ ಮೆತ್ತು. ಜರ್ಮನಿ ನೋಡ್ಕೊಂಡು ಬರ್ಲಿ."

"ದೆಲ್ಮಿ!" ಒಳಗಿನಿಂದ ಬಂದ ದನಿ ಬಾವಿಯೊಳಗಿನ ದನಿಯಂತಿತ್ತು. "ದೆಲ್ಮಿ, ಆಣೆಗೂ ಓಡಿಹೋಗಿಲ್ಲ ಕಣೆ! ಹಿಂದಿನ ಗೋಡೇಲಿ, ಎಡಕ್ಕೆ ಅಂದಿದ್ಯಲ್ಲ? ಅದಕ್ಕೇ ಬಂದೆ. ಉಂಗುರದ ಕಲ್ಲು. ಚಾಕೂಲಿ ಬಿಡಿಸಿದೀನಿ. ತಗೋ."

"ಚಾಕು! ನನ್ನ ಗುಡಾಣದೊಳಗೆ ಚಾಕು!" ಎಂದು ಫರಿಯಾಸ್ ಧಣಿ ಎದೆ ಹಿಡಿದುಕೊಂಡ.

ಒಳಗೆ ತಿರುಗಲು ಜಾಗವಿರಲಿಲ್ಲ. ಕೈಯಿಂದ ಮೊಣಕಾಲಿಗೆ, ಮೊಣಕಾಲಿನಿಂದ ಪಾದಕ್ಕೆ ಅದನ್ನು ಹೇಗೆ ದಾಟಿಸಿದನೋ ದೇವರೇ ಬಲ್ಲ. ಸ್ವಲ್ಪ ಹೊತ್ತಾದ ಮೇಲೆ ಕಾಲುಚೀಲದ ತೂತಿನಿಂದ ಇಣುಕುತ್ತಿದ್ದ ಎರಡು ಬೆರಳಿನ ಸಂದಿಯಲ್ಲಿ ಒಂದು ಹರಳು ಬಂತು, ಹೆಬ್ಬೆರಳು ಗಾತ್ರದ್ದು. ಜನ ಗೊಳ್ಳೆಂದು ನಕ್ಕರು. ಜಡ್ಜಮ್ಮ ಕೂಡ ಪುಸ್ತಕ ಮುಖಕ್ಕೆ ಅಡ್ಡ ಹಿಡಿದಳು.

ದೆಲ್ಮಿರಾ ನಗಲಿಲ್ಲ. ಮದುವೆಯ ಗೌನಿನ ಕಸೂತಿ ತೋಳಿನ ಸಮೇತ ಕೈ ಒಳಗೆ ಹಾಕಿ, ಬೆರಳ ಸಂದಿಯಿಂದ ಹರಳು ಕಿತ್ತುಕೊಂಡಳು. ಕೈ ಹೊರಗೆ ಎಳೆದಳು. ಪರ್ರ್ ಎಂದು ಸದ್ದಾಯಿತು. ಗೌನಿನ ತೋಳು ಒಳಗೇ ಸಿಕ್ಕಿಕೊಂಡಿತ್ತು.

ಅವಳು ಹಾಗೇ ನಿಂತಳು. ಬಟ್ಟೆ ಬಿಡಿಸಿಕೊಂಡು, ಮತ್ತೆ ನಿಧಾನವಾಗಿ ಕೈ ಒಳಗೆ ತೂರಿಸಿದಳು. ಸಲೀಸಾಗಿ ಹೋಯಿತು. ಹಿಂದಕ್ಕೆ ಎಳೆದರೆ ಮತ್ತೆ ಸಿಕ್ಕಿತು. ತೂತಿನ ಅಂಚನ್ನು ಒಳಗಿನಿಂದ ಬೆರಳಾಡಿಸಿ ನೋಡಿದಳು.

"ಅಣ್ಣ," ಎಂದಳು, ದನಿ ಬೇರೆಯಾಗಿತ್ತು. "ಬಾಯಲ್ಲಿರೋ ಹರಳೆಲ್ಲ ಒಳಮುಖವಾಗಿ ವಾಲಿವೆ. ಹೋಗೋವಾಗ ದಾರಿ ಬಿಡ್ತವೆ, ಬರೋವಾಗ ಚುಚ್ತವೆ. ಮೀನು ಹಿಡಿಯೋ ಬಿದಿರಿನ ಕೂಳಿ ಥರ. ಅವನು ನಿಜ ಹೇಳ್ತಿದಾನೆ."

ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಎಲ್ಬಿಯೊ ಹೇಳಿದ ನೆಪ ನಿಜವಾಗಿತ್ತು. ನನಗೆ ನಾಚಿಕೆಯಾಯಿತು. ಕೈಯಲ್ಲಿದ್ದ ಪ್ಯಾಂಟನ್ನು ಮಡಚಿ ಟೈರಿನ ಮೇಲಿಟ್ಟೆ.

ಆಗ ನಾಲ್ಕೂವರೆ. ಎಲ್ಲರೂ ಒಟ್ಟಿಗೆ ಬುದ್ಧಿ ಹೇಳತೊಡಗಿದರು. ಒಳಗೆ ಸುತ್ತಿಗೆ ಕೊಡೋಣ, ಅವನೇ ಬಾಯಿಯ ಹರಳು ಒಡೆಯಲಿ ಎಂದರೆ, ಮುಚ್ಚಿದ ಜಾಗದಲ್ಲಿ ಚೂರು ಸಿಡಿದು ಕಣ್ಣು ಹೋಗುತ್ತದೆ ಎಂದಳು ದೆಲ್ಮಿರಾ. ಎಣ್ಣೆ ಸುರಿದೆವು, ಎಲ್ಬಿಯೊ ಹೊಳೆದನೇ ಹೊರತು ಜಾರಲಿಲ್ಲ.

"ಸೋಮವಾರದವರೆಗೆ ಇರ್ಲಿ ಬಿಡ್ರಪ್ಪ" ಎಂದ ಧಣಿ. "ಊಟ ಕೋಲಿಗೆ ಕಟ್ಟಿ ಕೊಡೋಣ. ಜರ್ಮನಿಯೋರು ಬಂದಾಗ ಕೆಮ್ಮದಿದ್ರೆ ಸಾಕು."

"ಇಲ್ಲೇ ಮದುವೆ ಬರೆದುಬಿಡಿ ಜಡ್ಜಮ್ಮ, ಅವನು ಒಳಗಿಂದಲೇ ಹೂಂ ಅಂತಾನೆ" ಎಂದು ನಾನು ಕೈಮುಗಿದೆ.

ಜಡ್ಜಮ್ಮ ಕನ್ನಡಕ ಏರಿಸಿಕೊಂಡು ತೂತಿನಲ್ಲಿ ಬಗ್ಗಿ ನೋಡಿದಳು. "ಮುಖ ನೋಡಿ ಬರೀಬೇಕು ಅಂತಿದೆ ಕಾನೂನು. ಅಂಗಾಲು ನೋಡಿ ಬರೆದ್ರೆ ನನ್ನ ಕೆಲಸ ಹೋಗುತ್ತೆ. ಇಪ್ಪತ್ತೈದು ನಿಮಿಷ ಇದೆ."

ದೆಲ್ಮಿರಾ ತನ್ನ ಪುಟ್ಟ ಸುತ್ತಿಗೆ ತೆಗೆದುಕೊಂಡು ಗುಡಾಣದ ಸುತ್ತ ಒಂದು ಸುತ್ತು ಬಂದಳು. ಅಲ್ಲಲ್ಲಿ ಟಕ್ ಟಕ್ ಎಂದು ತಟ್ಟಿ ಕಿವಿಯಿಟ್ಟು ಕೇಳಿದಳು. ಹಿಂಬದಿಗೆ ಬಂದು ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಅಣ್ಣ, ಮುದುಕೀನ ತಗೊಂಡು ಬಾ."

ಫರಿಯಾಸ್ ಧಣಿ ಹೋಗಿ ಗುಡಾಣವನ್ನು ಎರಡೂ ಕೈಯಲ್ಲಿ ತಬ್ಬಿಕೊಂಡ. "ಬೇಡ ತಾಯಿ! ಒಂದು ಗೀರು ಬಿದ್ರೆ ನನ್ನ ಮೇಲೆ ರೇಗ್ತಿದ್ಯಲ್ಲೆ ಇಷ್ಟು ವರ್ಷ! ನೀನೇ ಒಡಿ ಅಂತೀಯಾ?"

"ಧಣಿ, ನಾನು ಯಾವತ್ತಾದ್ರೂ ಕಲ್ಲಿನ ವಿಷ್ಯದಲ್ಲಿ ಸುಳ್ಳು ಹೇಳಿದೀನಾ?"

"ಇಲ್ಲ."

"ನಾನು ನೋಡಿರೋದ್ರಲ್ಲೇ ಇದು ದೊಡ್ಡ ಕಲ್ಲು, ಚೆಂದದ ಕಲ್ಲು. ಒಡೀಬೇಕು ಅಂದ್ರೆ ನನಗೂ ಹೊಟ್ಟೆ ಉರಿಯುತ್ತೆ. ಆದ್ರೆ ಒಳಗಿರೋನು ನನ್ನ ಮಾತು ಕೇಳಿ ಒಳಗೆ ಹೋದೋನು. ಏಳಿ."

ಧಣಿ ಅಳುತ್ತಾ ಎದ್ದ. ಎದ್ದವನು ಕಂಬಳಿಯನ್ನು ಸೆಳೆದು, ಕೋಲಿನಿಂದ ತೂತಿನೊಳಗೆ ತಳ್ಳಿದ. "ತಲೆಗೆ ಸುತ್ಕೊಳ್ಳೋ ಕತ್ತೆ. ಉಣ್ಣೇದು ಅದು, ಜೋಪಾನ" ಎಂದ.

ನಾನು ಮುದುಕಿಯನ್ನು ತಂದೆ. ಇಪ್ಪತ್ತೆರಡು ವರ್ಷ ಆ ಸೀಟಿನಲ್ಲಿ ಕೂತಿದ್ದೇನೆ, ಅವತ್ತು ಮಾತ್ರ ಹೊಸಬನ ಹಾಗೆ ಸನ್ನೆಕೋಲುಗಳನ್ನು ಒಂದೊಂದಾಗಿ ಮುಟ್ಟಿ ನೋಡಿಕೊಂಡೆ. ಗೆರೆಯಿಂದ ಒಂದು ಮೊಳ ಆಚೆಗೆ ಎಲ್ಬಿಯೊನ ತಲೆ. ಅವನು ನನ್ನ ಕುರ್ಚಿ ಸವೆಸಿದವನು, ನನ್ನ ಕಷಾಯ ಕುಡಿದವನು, ಅವನನ್ನು ಕಂಡರೆ ನನಗೆ ಆಗುವುದಿಲ್ಲ. ಆದರೂ ಅವನ ತಲೆ ಬೇಕಿತ್ತು ನನಗೆ, ಪೂರ್ತಿಯಾಗಿ ಬೇಕಿತ್ತು.

"ನನ್ನ ಕೈಲಿ ಆಗಲ್ಲ ದೆಲ್ಮಿರಾ!" ಎಂದು ಕೂಗಿದೆ.

ಅವಳು ಬಕೆಟ್ಟಿನ ಪಕ್ಕಕ್ಕೇ ಬಂದು ನಿಂತಳು, ಹರಿದ ತೋಳು ಗಾಳಿಗೆ ಹಾರುತ್ತಿತ್ತು. "ಇಷ್ಟು ವರ್ಷ ತಪ್ಪಿ ತಪ್ಪಿ ಒಡೆದಿದೀಯ. ಇವತ್ತು ಒಂದು ಸರಿಯಾಗಿ ಒಡಿ. ಹೊಡೀಬೇಡ, ಒತ್ತು. ನನ್ನ ಕೈ ನೋಡ್ತಿರು."

ನಾನು ಅವಳ ಕೈಯನ್ನಷ್ಟೇ ನೋಡಿದೆ. ಬೆರಳು ಬಾಗಿದರೆ ಬಕೆಟ್ಟಿನ ಹಲ್ಲು ಒಂದಿಷ್ಟು ಇಳಿಯುತ್ತಿತ್ತು, ಅಂಗೈ ತೋರಿದರೆ ನಿಲ್ಲುತ್ತಿತ್ತು. ಗೆರೆಯ ಮೇಲೆ ಹಲ್ಲು ಕೂತಿತು. ಒತ್ತಿದೆ. ಏನೂ ಆಗಲಿಲ್ಲ. ಇನ್ನೊಂದು ಸ್ವಲ್ಪ ಒತ್ತಿದೆ. ಒಳಗಿನಿಂದ ಎಲ್ಬಿಯೊ ತನಗೆ ಗೊತ್ತಿದ್ದ ಸಂತರ ಹೆಸರನ್ನೆಲ್ಲ ಕೂಗಿ, ಅದು ಮುಗಿದಮೇಲೆ ಊರಿನ ಫುಟ್‌ಬಾಲ್ ತಂಡದವರ ಹೆಸರು ಹಿಡಿದ. ಗೋಲ್‌ಕೀಪರನ ಹೆಸರು ಬರುವಷ್ಟರಲ್ಲಿ ಟಪ್ಪೆಂದು ಒಂದು ಸದ್ದಾಯಿತು. ಗುಡಾಣ ಸೀಳಿತು. ಆಮೇಲೆ ಅಕ್ಕಪಕ್ಕದ ಗೋಡೆಗಳು ಒಂದೊಂದಾಗಿ ಹೊರಕ್ಕೆ ಮಗುಚಿ, ಹದಿನೇಳು ತುಂಡಾಗಿ ಅಂಗಳದ ತುಂಬಾ ಬಿದ್ದವು.

ಸಂಜೆಯ ಬಿಸಿಲಿಗೆ ಅಷ್ಟೂ ನೇರಳೆ ಒಟ್ಟಿಗೆ ಹೊಳೆಯಿತು. ನಡುವೆ ತಲೆಗೆ ಕಂಬಳಿ, ಮೈಗೆ ಬಿಳಿ ಅಂಗಿ, ಕೆಳಗೆ ಎಣ್ಣೆ ಮೆತ್ತಿದ ಬಟ್ಟೆಯಿಲ್ಲದ ಕಾಲು, ಹೀಗೆ ಎಲ್ಬಿಯೊ ಬೋರಲಾಗಿ ಮಲಗಿದ್ದ. ಸತ್ತನೋ ಏನೋ ಎಂದು ನಾನು ಕೆಳಗೆ ಹಾರಿದೆ.

"ಮುಗೀತಾ ಭಾವ?" ಎಂದ ಕಂಬಳಿಯೊಳಗಿನಿಂದ.

ದೆಲ್ಮಿರಾ ಅವನನ್ನು ಎಬ್ಬಿಸಿ ನಿಲ್ಲಿಸಿದಳು. ಗಲ್ಲ ಹಿಡಿದು, ಮುಖವನ್ನು ಪಡುವಣದ ಕಡೆ, ಬಿಸಿಲಿಗೆ ತಿರುಗಿಸಿದಳು. ಬೋಳುತಲೆ, ಗೀರುಬಿದ್ದ ಮೂಗು, ಹೆದರಿದ ಕಣ್ಣು. ಹರಳು ನೋಡುವಷ್ಟೇ ಹೊತ್ತು ನೋಡಿದಳು.

"ಎರಡನೇ ದರ್ಜೆ" ಎಂದಳು.

"ಐದಕ್ಕೆ ಹತ್ತು ನಿಮಿಷ" ಎಂದಳು ಜಡ್ಜಮ್ಮ. "ಬರೀಲಾ?"

"ಬರೀರಿ."

ಪ್ಯಾಂಟು ಮೊಣಕಾಲಿಗಿಂತ ಮೇಲೆ ಹತ್ತಲಿಲ್ಲ, ಎಣ್ಣೆಗೆ ಅಂಟಿಕೊಂಡು ನಿಂತಿತು. ಕೊನೆಗೆ ಎಲ್ಬಿಯೊ ಧಣಿಯ ಕಂಬಳಿಯನ್ನೇ ಸೊಂಟಕ್ಕೆ ಸುತ್ತಿಕೊಂಡು ಮದುವೆಯಾದ. ಧಣಿ ಸಾಕ್ಷಿ ಹಾಕಿದ. ಕಣ್ಣೀರಿನಿಂದ ಸಹಿ ಕದಡಿಹೋಯಿತು. ಜಡ್ಜಮ್ಮ ಕುರಿಯ ಒಂದು ತೊಡೆಯನ್ನು ಕಾಗದದಲ್ಲಿ ಸುತ್ತಿಕೊಂಡು, ನೀರು ಇನ್ನೂ ಚಕ್ರದ ಅರ್ಧಕ್ಕಿರುವಾಗಲೇ ಹಳ್ಳ ದಾಟಿದಳು.

ಎಲ್ಬಿಯೊ ನನ್ನ ಹತ್ತಿರ ಬಂದು ಕೈಹಿಡಿದು, "ಭಾವ" ಎಂದ. ಹತ್ತೊಂಬತ್ತು ವರ್ಷದ ಅಭ್ಯಾಸಕ್ಕೆ ನನ್ನ ಬಾಯಿ ತೆರೆಯಿತು. ಆಮೇಲೆ ಜ್ಞಾಪಕ ಬಂತು. "ಏನಪ್ಪಾ" ಎಂದೆ. ಇನ್ನು ಮನೆಯಲ್ಲಿ ಬೂಟು ಎಲ್ಲಿ ಬಿಟ್ಟರೂ ಕೇಳುವವರಿಲ್ಲ ಎಂದು ಆಗಲೇ ಹೊಳೆದದ್ದು. ಖುಷಿಯಾಗಬೇಕಿತ್ತು. ಕುರಿ ತಿನ್ನಲು ಹೋದೆ.

ಕುರಿ ಖಾಲಿಯಾಗುವ ಹೊತ್ತಿಗೆ ದೆಲ್ಮಿರಾ ಬೆಂಚಿನ ತುದಿಯಲ್ಲಿ ಒಬ್ಬಳೇ ಕೂತಿದ್ದಳು. ಮುಷ್ಟಿ ಬಿಚ್ಚಿ ಆ ಹರಳನ್ನು ಮುಳುಗುವ ಬಿಸಿಲಿಗೆ ಹಿಡಿದಿದ್ದಳು. ನಾನು ಹಿಂದಿನಿಂದ ಬಗ್ಗಿ ನೋಡಿದೆ. ಇಷ್ಟು ವರ್ಷ ಅವಳ ಜೊತೆ ಇದ್ದು ನನಗೂ ಅಷ್ಟೋ ಇಷ್ಟೋ ಕಣ್ಣು ಬಂದಿದೆ. ದೀಪದಲ್ಲಿ ಕಂಡ ಆ ಬಣ್ಣ ಅದರಲ್ಲಿರಲಿಲ್ಲ. ತೊಳೆದ ದ್ರಾಕ್ಷಿಸಿಪ್ಪೆಯ ಹಾಗೆ ಪೇಲವ, ಒಳಗೊಂದು ಬಿರುಕು ಬೇರೆ. ಮೂಟೆಗೆ ಹಾಕುವ ಕಲ್ಲು.

ಅವಳು ತಲೆಯೆತ್ತಿ ನನ್ನನ್ನು ನೋಡಿದಳು. ಅಷ್ಟರಲ್ಲಿ ಎಲ್ಬಿಯೊ ಕಂಬಳಿ ಎಳೆದುಕೊಳ್ಳುತ್ತಾ ಬಂದು ಪಕ್ಕದಲ್ಲಿ ಕೂತ.

"ಬಿಸಿಲಲ್ಲಿ ನೋಡಿದ್ಯಾ ದೆಲ್ಮಿ?" ಎಂದು ಕೇಳಿದ. "ಹೆಂಗಿದೆ?"

ದೆಲ್ಮಿರಾ ಹರಳನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡಳು.

"ಒಂದನೇ ದರ್ಜೆ" ಎಂದಳು.

ನಾನು ಒಂದು ಮೂಳೆ ಬಾಯಿಗೆ ಹಾಕಿಕೊಂಡು ಸುಮ್ಮನೆ ಚೀಪುತ್ತಾ ಕೂತೆ.